ಹೆಂಗಸರ ಕಡೆ ತಿರುಗಿದ ಅರಮನೆ

ನಾಟಕ ಚೆನ್ನಾಗಿತ್ತು ಎಂದರೆ ಪರದೆ ಮೇಷ್ಟ್ರು ಹಿಗ್ಗುತ್ತಿರಲಿಲ್ಲ, ಚೆನ್ನಾಗಿರಲಿಲ್ಲ ಎಂದರೆ ಮುನಿಸಿಕೊಳ್ಳುತ್ತಲೂ ಇರಲಿಲ್ಲ. ಎರಡಕ್ಕೂ ಅವರದು ಒಂದೇ ಪ್ರಶ್ನೆ: "ಎಲ್ಲಿ ಕೂತಿದ್ರಿ?" ಮುಂದಿನ ಕುರ್ಚಿಯಲ್ಲೋ, ಹಿಂದೆ ನಿಂತುಕೊಂಡೋ, ಪಕ್ಕದ ಮನೆಯ ಜಗಲಿಯ ಮೇಲೋ? ಅದು ಗೊತ್ತಾದ ಮೇಲೆಯೇ ನಿಮ್ಮ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಅವರು ತೀರ್ಮಾನ ಮಾಡುತ್ತಿದ್ದದ್ದು. ಮೊದಲ ಸಲ ಕಂಡಾಗ ನನಗೂ ಇದೇ ಪ್ರಶ್ನೆ ಹಾಕಿದರು. "ಹೆಂಗಸರ ಕಡೆ" ಎಂದೆ. ಆ ಮನುಷ್ಯ ಕೈಯಲ್ಲಿದ್ದ ಬ್ರಷ್ಷನ್ನು ಬಣ್ಣದ ಡಬ್ಬದ ಮೇಲೆ ಅಡ್ಡ ಇಟ್ಟು, "ಹಂಗಾದ್ರೆ ನೀವು ಹೇಳಿ ಅಮ್ಮಾವ್ರೇ" ಎಂದರು.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಬರೆದರೂ ಗುಬ್ಬಿಯಲ್ಲಿ ಅರ್ಧ ಜನಕ್ಕೆ ಯಾರೆಂದು ತಿಳಿಯಲಿಕ್ಕಿಲ್ಲ. ಪರದೆ ಮೇಷ್ಟ್ರು ಎಂದರೆ ಮಾತ್ರ ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯವನೂ ಎದ್ದು ಬಂದು ದಾರಿ ತೋರಿಸುತ್ತಿದ್ದ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಬೇಕಾದ ಅರಮನೆ, ಕಾಡು, ಬೀದಿ, ಸೆರೆಮನೆಗಳನ್ನು ಬಟ್ಟೆಯ ಮೇಲೆ ಬರೆದು, ಬಿದಿರು ಕಟ್ಟಿ, ಲಾರಿಯಲ್ಲಿ ಹೇರಿಕೊಂಡು ಹೋಗಿ ನಿಲ್ಲಿಸುವುದು, ಆಟ ಮುಗಿದ ಮೇಲೆ ಬಿಚ್ಚಿಕೊಂಡು ಬರುವುದು ಅವರ ಕಸುಬು. ನಮ್ಮ ಕಡೆ ಇದಕ್ಕೆ ಸೀನರಿ ಎನ್ನುತ್ತಾರೆ. ಕುಳ್ಳಗಿನ ಆಳು, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ. ಯಾರೊಂದಿಗೆ ಮಾತಾಡುತ್ತಿದ್ದರೂ ಒಂದು ಕಣ್ಣು ಮುಚ್ಚಿ ಅವರ ಹಿಂದಿನ ಗೋಡೆಯನ್ನು ಅಳೆಯುವ ಅಭ್ಯಾಸ. ಹೊಸಬರು ಕಣ್ಣು ಹೊಡೆದರೆಂದು ತಿಳಿದು ಗಾಬರಿಯಾಗುತ್ತಿದ್ದರು.

ನಾನು ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮನೆ ಉಪ್ಪಾರಹಳ್ಳಿಯಲ್ಲಿ. ದಿನವಿಡೀ ಮುಖ ಕಾಣದ ದನಿಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ. ನಾಟಕದ ಹುಚ್ಚು ನನ್ನದಲ್ಲ, ನಮ್ಮವರದು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆಯಾದರೆ ನೌಕರರ ಕಲಾಸಂಘದ ಕಾರ್ಯದರ್ಶಿ, ನಾಟಕ ಬಂತೆಂದರೆ ಖಾಯಂ ರಾಜ. ಎತ್ತರ ಇದೆ, ಕಂಠ ಇದೆ, ಕಣ್ಣು ಮಾತ್ರ ಮಂದ. ಕನ್ನಡಕ ತೆಗೆದರೆ ನಾನೂ ಬಾಗಿಲೂ ಅವರಿಗೆ ಒಂದೇ. ರಾಜ ಕನ್ನಡಕ ಹಾಕುವ ಹಾಗಿಲ್ಲವಾದ್ದರಿಂದ ಸ್ಟೇಜಿನ ಮೇಲೆ ಅವರು ಅಂದಾಜಿನಲ್ಲೇ ರಾಜ್ಯಭಾರ ಮಾಡುತ್ತಿದ್ದರು.

ನಮ್ಮಿಬ್ಬರ ಜಗಳ ಶುರುವಾದದ್ದು ಗೂಳೂರಿನಲ್ಲಿ ಮೇಷ್ಟ್ರ ಸೀನರಿ ಕಟ್ಟಿದ್ದ ಒಂದು ನಾಟಕದಿಂದ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮವರು ಮುಂದಿನ ಕುರ್ಚಿಗಳಲ್ಲಿ ಪರಿಚಯದವರ ಪಕ್ಕ ಕೂತರು. ನಾನು ಎಡಗಡೆ ಹಗ್ಗ ಕಟ್ಟಿ ಬಿಟ್ಟಿದ್ದ ಹೆಂಗಸರ ಜಾಗದಲ್ಲಿ ಚಾಪೆಯ ಮೇಲೆ ಕೂತೆ. ವಾಪಸು ಬರುವಾಗ ಅವರು, "ಎಲ್ಲಾ ಸರಿ, ಅರಮನೆ ಒಂದು ವಾಲಿತ್ತಲ್ಲೇ" ಎಂದರು.

"ಎಲ್ಲಿ ವಾಲಿತ್ತು? ಕಂಬಗಳೆಲ್ಲ ನೆಟ್ಟಗೆ ನಿಂತಿದ್ವು."

"ನಿನ್ನ ಕಣ್ಣು ಪರೀಕ್ಷೆ ಮಾಡ್ಸು."

ಸೋಡಾ ಬಾಟಲಿಯ ತಳದಂಥ ಗಾಜು ಹಾಕಿಕೊಂಡವರು ಈ ಮಾತು ಹೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಬೇರೆ ಮನೆಗಳಲ್ಲಿ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳವಾದರೆ ನಮ್ಮ ಮನೆಯಲ್ಲಿ ಅರಮನೆ ವಾಲಿತ್ತೋ ಇಲ್ಲವೋ ಎಂದು ಆಗುತ್ತಿತ್ತು. ವಿಚಿತ್ರವೆಂದರೆ ಕಚೇರಿಯ ಗಂಡಸರೆಲ್ಲ ಅವರ ಪಕ್ಷ, ಆ ಗಂಡಸರ ಹೆಂಡಂದಿರೆಲ್ಲ ನನ್ನ ಪಕ್ಷ. ಅಷ್ಟಾದರೂ ಯಾರಿಗೂ ಕಾರಣ ಹೊಳೆಯಲಿಲ್ಲ.

ಹೀಗಿರುವಾಗ ಕಲಾಸಂಘದವರು ಕುಣಿಗಲ್ಲಿನಲ್ಲಿ ದೊಡ್ಡದಾಗಿ ನಾಟಕ ಆಡುವುದೆಂದು ತೀರ್ಮಾನವಾಯಿತು. ಸೀನರಿ ಗೊತ್ತುಮಾಡಲು ಒಂದು ಭಾನುವಾರ ನಮ್ಮವರು ಗುಬ್ಬಿಗೆ ಹೊರಟರು. "ನೀನೂ ಬಾ, ನಿನ್ನ ಎದುರಿಗೇ ಕೇಳ್ತೀನಿ" ಎಂದು ನನ್ನನ್ನೂ ಎಬ್ಬಿಸಿಕೊಂಡು ಹೋದರು.

ಮೇಷ್ಟ್ರ ಕಾರ್ಖಾನೆ ಒಂದು ಹಳೆಯ ಕೊಬ್ಬರಿ ಮಂಡಿಯಲ್ಲಿತ್ತು. ವ್ಯಾಪಾರ ಬೇರೆ ಕಡೆ ಹೋದ ಮೇಲೆ ಖಾಲಿ ಬಿದ್ದಿದ್ದ, ಸೂರು ಬಹಳ ಎತ್ತರವಿದ್ದ ಕಟ್ಟಡ. ಗೋಡೆಗಳಲ್ಲಿ ಕೊಬ್ಬರಿಯ ಘಮ ಇನ್ನೂ ಉಳಿದಿತ್ತು. ಅದರ ಜೊತೆಗೆ ಒಲೆಯ ಮೇಲೆ ಕುದಿಯುತ್ತಿದ್ದ ಹುಣಸೆಬೀಜದ ಅಂಟಿನ ಕಮಟು. ಒಳಗೆ ಕಾಲಿಟ್ಟರೆ ನೆಲವೇ ಕಾಣುವುದಿಲ್ಲ, ಈ ಗೋಡೆಯಿಂದ ಆ ಗೋಡೆಯವರೆಗೆ ಬಟ್ಟೆ ಹಾಸಿದೆ. ಅದರ ಮೇಲೆ ಒಬ್ಬ ಕೆಲಸಗಾರ ಉದ್ದ ಕೋಲಿಗೆ ಬ್ರಷ್ ಕಟ್ಟಿಕೊಂಡು, ಕಸ ಗುಡಿಸುವವನ ಹಾಗೆ ಬಗ್ಗದೆ ನಡೆಯುತ್ತಾ, ಅರಮನೆಯ ಹೆಬ್ಬಾಗಿಲು ಬರೆಯುತ್ತಿದ್ದ. ಚಪ್ಪಲಿ ಬಿಟ್ಟರೂ ನನಗೆ ಅದರ ಮೇಲೆ ಹೆಜ್ಜೆ ಇಡಲು ಮನಸ್ಸು ಬರಲಿಲ್ಲ.

"ತುಳೀರಿ ಅಮ್ಮಾವ್ರೇ, ಈ ಕಡೆ ಒಣಗೈತೆ" ಎಂದರು ಮೇಷ್ಟ್ರು. "ಎತ್ತಿ ನಿಲ್ಸಿದ್ ಮೇಲೆ ಯಾರ್ ಬಂದ್ರೂ ತುಳಿಯಕ್ಕಾಗಲ್ಲ."

ಆಮೇಲೆ ಅವರೇ ಮುಂದೆ ನಿಂತು ಒಂದೊಂದನ್ನೂ ತೋರಿಸಿದರು. ಗಾಳಿಗೆ ಅರಮನೆ ಪಟಪಟ ಹೊಡೆದುಕೊಳ್ಳಬಾರದೆಂದು ಪರದೆಯ ಅಂಚಿಗೆ ಮರಳು ತುಂಬಿ ಹೊಲಿದಿದ್ದ ಉದ್ದನೆಯ ಚೀಲ, ಒಂದು ಕಡೆ ಕಾಡು ಇನ್ನೊಂದು ಕಡೆ ಬೀದಿ ಬರೆದಿದ್ದ ಪಟ, ರಾಟೆಗಳು, ಹಗ್ಗಗಳು. ಸಿಂಹಾಸನದಲ್ಲಿ ಕೂರುವ ಹಲಗೆಯೊಂದೇ ನಿಜವಾದ ಮರ, ಉಳಿದದ್ದೆಲ್ಲ ರಟ್ಟು, ಗೋಣಿ, ಬೇಗಡೆ. "ರಾಜ್ರು ಎಷ್ಟ್ ತೂಕ ಅವ್ರೆ ಅಂತ ಮೊದ್ಲೇ ಕೇಳ್ಬುಡ್ತೀನಿ" ಎಂದು ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು. ನಮ್ಮವರು ಅದನ್ನು ಹೊಗಳಿಕೆ ಎಂದುಕೊಂಡು, ಪಕ್ಕದಲ್ಲಿದ್ದ ಕಲ್ಲಿನ ಕಂಬಕ್ಕೆ ಠೀವಿಯಿಂದ ಮೊಣಕೈ ಊರಿದರು. ಅದು ಬಿದಿರಿನ ಸೀಳಿಗೆ ಹಳೆಯ ಪೇಪರು ಅಂಟಿಸಿ ಮಾಡಿದ ಕಂಬ. ಕಂಬ, ಅವರು, ಕನ್ನಡಕ ಮೂರೂ ಒಟ್ಟಿಗೆ ಬಿದ್ದವು. ಮೇಷ್ಟ್ರು ಮೊದಲು ಎತ್ತಿದ್ದು ಕಂಬವನ್ನು.

"ಈ ಬಟ್ಟೆಗಳನ್ನೆಲ್ಲಾ ಹೊಲಿಯೋರು ಯಾರು?" ಎಂದು ಕೇಳಿದೆ. ಎಷ್ಟೋ ಮಾರು ಬಟ್ಟೆ, ಒಂದು ಹೊಲಿಗೆಯೂ ಎದ್ದು ಕಾಣುತ್ತಿರಲಿಲ್ಲ.

"ನಮ್ಮನೇವ್ರು. ಮನೇಲೇ ಮಿಷನ್ ಇಟ್ಕೊಂಡವ್ರೆ. ಇತ್ಲಾಗ್ ಬರಾಕಿಲ್ಲ. ಈ ಅಂಟಿನ ವಾಸ್ನೆಗೆ ತಲೆ ಸಿಡಿತೈತೆ ಅಂತಾರೆ."

ನಮ್ಮವರು ಬಿದ್ದ ಅವಮಾನ ಮರೆಯಲು ಬಂದ ವಿಷಯ ಎತ್ತಿದರು. ನಿಮ್ಮ ಅರಮನೆ ವಾಲುತ್ತದೆ ಎಂದು ನೇರವಾಗಿಯೇ ಹೇಳಿದರು. ಆಗಲೇ ಮೇಷ್ಟ್ರು ಎಲ್ಲಿ ಕೂತಿದ್ರಿ ಎಂದು ಕೇಳಿದ್ದು, ನನ್ನ ಉತ್ತರಕ್ಕೆ ಬ್ರಷ್ ಕೆಳಗಿಟ್ಟದ್ದು. ಅವರು ಮಾತಿನಲ್ಲಿ ವಾದ ಮಾಡಲಿಲ್ಲ. ರಾಟೆ ಎಳೆದು ಅರಮನೆಯ ಪರದೆಯನ್ನು ಮೇಲಕ್ಕೆತ್ತಿದರು. ನಮ್ಮವರನ್ನು ಎದುರಿಗೆ ನಡುವೆ ಒಂದು ಪೆಟ್ಟಿಗೆಯ ಮೇಲೆ ಕೂರಿಸಿದರು, ನನ್ನನ್ನು ಎಡಗಡೆ ನೆಲದ ಮೇಲೆ. ತಾವು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಹೆಂಗೈತೆ?" ಎಂದರು.

"ನೆಟ್ಟಗಿದೆ" ಎಂದೆ.

"ವಾಲಿದೆ" ಎಂದರು ನಮ್ಮವರು.

"ಸ್ವಾಮಿ, ನೀವ್ ಇಲ್ಲಿಗ್ ಬನ್ನಿ. ಅಮ್ಮಾವ್ರೇ, ನೀವ್ ಅಲ್ಲಿಗ್ ಹೋಗಿ."

ಜಾಗ ಬದಲಾಯಿಸಿದೆವು. ಪೆಟ್ಟಿಗೆಯ ಮೇಲೆ ಕೂತು ನೋಡಿದರೆ ಅರಮನೆಯ ಕಂಬಗಳು, ಮೆಟ್ಟಿಲು, ಹೆಬ್ಬಾಗಿಲು ಎಲ್ಲವೂ ಎಡಕ್ಕೆ ಮೈವಾಲಿಸಿ ನಿಂತಿದ್ದವು. ನೆಲದ ಮೇಲೆ ಕೂತ ನಮ್ಮವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ ಎದ್ದರು. ನಮ್ಮ ಮನೆಯ ಆ ಜಗಳ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಬೇಕೆಂತಲೇ ಅರಮನೆಯನ್ನು ಹೆಂಗಸರ ಕಡೆ ತಿರುಗಿಸಿ ಬರೆಯುತ್ತಿದ್ದರು.

ಯಾಕೆ ಹೀಗೆ ಎಂದದ್ದಕ್ಕೆ ಅವರು ಹೇಳಿದ್ದು ಇದು. ವಯಸ್ಸಿನಲ್ಲಿದ್ದಾಗ ಅವರು ಊರೂರು ಸುತ್ತುವ ನಾಟಕ ಕಂಪನಿಯೊಂದರಲ್ಲಿ ಪರದೆ ಎಳೆಯುವ ಕೆಲಸಕ್ಕಿದ್ದರಂತೆ. ಹಗ್ಗ ಹಿಡಿದು ನಿಲ್ಲುವ ಜಾಗ ಸ್ಟೇಜಿನ ಬಲಗಡೆ, ವಿಂಗು ಎನ್ನುವ ಪಕ್ಕದ ಪರದೆಯ ಮರೆಯಲ್ಲಿ. ಅಲ್ಲಿಂದ ಅವರಿಗೆ ನೇರವಾಗಿ ಕಾಣುತ್ತಿದ್ದದ್ದು ಎಡಗಡೆ ಕೂತ ಹೆಂಗಸರು. ಅಂದ ಮೇಲೆ ಹೆಂಗಸರಿಗೂ ನೇರವಾಗಿ ಕಾಣುತ್ತಿದ್ದದ್ದು ಇವರೇ.

"ನಾನು, ನನ್ನ ಹಗ್ಗ, ನನ್ನ ಪಕ್ಕ ನಿಂತ್ಕಂಡು ಬೀಡಿ ಸೇದೋ ರಾಜ" ಎಂದರು. "ಸೀರೆ ಎತ್ತಿ ಕಟ್ಕಂಡು ಟೀ ಕುಡಿಯೋ ರಾಣಿ ಪಾರ್ಟಿನವ್ನು. ಕುರ್ಚಿಲಿ ಕೂತೋರ್ಗೆ ಅರಮನೆ ಕಾಣ್ತಿತ್ತು, ಅವ್ರು ರಾಜ ಸತ್ತಾಗ ಅಳೋರು. ಹೆಣ್ಮಕ್ಳು ನಗೋರು. ಆ ರಾಜ ಎದ್ಬಂದು ಇನ್ನೊಂದ್ ಬೀಡಿ ಹಚ್ತಾನೆ ಅಂತ ಗೊತ್ತಲ್ಲ ಅವ್ರಿಗೆ. ಮ್ಯಾನೇಜರು ಹೆಂಗಸ್ರಿಗೆ ನಾಟಕ ತಿಳಿಯಲ್ಲ ಅಂತ ಬೈಯೋನು. ತಿಳಿಯಲ್ಲ ಅಂದ್ರೆ? ನಾವ್ ಅವ್ರಿಗೆ ತೋರ್ಸಿದ್ದೇ ಅದನ್ನ."

"ಅದೆಲ್ಲ ಸರಿ ಮೇಷ್ಟ್ರೇ. ಆದ್ರೆ ನಮ್ಮ ಮುಖ್ಯ ಅತಿಥಿಗಳು ಚಾಪೆ ಮೇಲೆ ಕೂರಲ್ಲ" ಎಂದರು ನಮ್ಮವರು. ಬೆಂಗಳೂರಿನಿಂದ ದೊಡ್ಡ ಅಧಿಕಾರಿಗಳು ಬರುತ್ತಾರೆ, ಅವರ ಎದುರಿಗೆ ಅರಮನೆ ನೆಟ್ಟಗಿರಬೇಕು, ಇಲ್ಲದಿದ್ದರೆ ತುಮಕೂರಿನಲ್ಲೇ ಹೊಸದಾಗಿ ಶುರುವಾಗಿರುವ, ಬರೆದ ಪರದೆಯ ಬದಲು ಬಣ್ಣದ ದೀಪ ಬಿಡುವ ಕಲರ್ ಲೈಟಿನವರನ್ನು ಕರೆಯುತ್ತೇವೆ ಎಂದು ಹೇಳಿಯೇಬಿಟ್ಟರು. ಒಪ್ಪಿಗೆಯಾದರೆ ಜಿಲ್ಲೆಯಲ್ಲಿ ಸಂಘ ಎಲ್ಲಿ ನಾಟಕ ಆಡಿದರೂ ಸೀನರಿ ಮೇಷ್ಟ್ರದೇ.

ಮೇಷ್ಟ್ರ ಮುಖ ಬಾಡಿದ್ದು ನನಗೆ ಕಾಣಿಸಿತು. ಹಳ್ಳಿಯವರು ಆಗಲೇ ಒಬ್ಬೊಬ್ಬರಾಗಿ ಕಲರ್ ಲೈಟಿನ ಕಡೆ ಹೋಗುತ್ತಿದ್ದರು. ಕೆಲಸಗಾರರೂ ಕಡಿಮೆಯಾಗಿದ್ದರು. "ಈ ಸಂಘದ್ ಕೆಲ್ಸಾನೂ ತಪ್ಪಿದ್ರೆ ಮಂಡಿ ಬಾಗ್ಲು ಹಾಕ್ಬೇಕಾಯ್ತದೆ" ಎಂದು ಅವರೇ ಬಾಯಿಬಿಟ್ಟು ಹೇಳಿದರು. ಕೊನೆಗೆ, "ಆಯ್ತು ಬುಡಿ ಸ್ವಾಮಿ, ನೆಟ್ಟಗೇ ಬರ್ದು ಕೊಡ್ತೀನಿ" ಎಂದರು. ನಾವು ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಹತ್ತಿರ ಬಂದು, "ಕುಣಿಗಲ್ಲಲ್ಲಿ ನೀವ್ ಹೆಂಗಸ್ರ್ ಕಡೆನೇ ತಾನೇ ಕೂರೋದು?" ಎಂದು ಕೇಳಿದರು. ಇನ್ನೆಲ್ಲಿ ಕೂರಲಿ ಎಂದೆ. ನನಗೆ ಅವತ್ತು ನಮ್ಮವರ ಮೇಲೆ ಸಿಟ್ಟು ಬಂದಿತ್ತು, ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಕುಣಿಗಲ್ಲಿನಲ್ಲಿ ಪರದೆ ಸರಿಯಿತು. ಕುರ್ಚಿಗಳ ಕಡೆಯಿಂದ ಚಪ್ಪಾಳೆ ಕೇಳಿಸಿತು, ಅರಮನೆ ನೆಟ್ಟಗೆ ನಿಂತಿದ್ದಕ್ಕೆ. ನಮ್ಮ ಕಡೆಯಿಂದ ನೋಡಿದರೆ ಅದು ಬಲಕ್ಕೆ ಜರುಗಿತ್ತು. ಹೋಗಲಿ ಎಂದುಕೊಂಡು ಬಲಗಡೆ ನೋಡಿದೆ. ಯಾವಾಗಲೂ ಬೀಡಿ ಸೇದುವವರು ಕಾಣುತ್ತಿದ್ದ ಜಾಗದಲ್ಲಿ ಒಂದು ಅಗಲವಾದ ಪಟ ಅಡ್ಡ ನಿಂತಿತ್ತು. ಅದರ ಮುಖ ನಮ್ಮ ಕಡೆಗೇ. ಕುರ್ಚಿಯವರಿಗೆ ಮುಂದಿನ ವಿಂಗು ಅಡ್ಡ ಬರುವುದರಿಂದ ಅದು ಕಾಣುವುದಿಲ್ಲ. ಅದರ ಹಿಂದೆ ಕಾಯುತ್ತಾ ನಿಂತ ಪಾರ್ಟಿನವರಿಗೆ ಬಿದಿರಿನ ಚೌಕಟ್ಟು, ಬರೀ ಬಟ್ಟೆ ಅಷ್ಟೇ. ಸ್ಟೇಜಿನ ಮೇಲೆ ನಿಂತವರ ಕಣ್ಣು ಕುರ್ಚಿಗಳ ಕಡೆ, ರಾಜನಂತೂ ಕನ್ನಡಕ ತೆಗೆದಿಟ್ಟು ಬಂದವನು. ಹಾಗಾಗಿ ಆ ಪಟವನ್ನು ನೋಡಲು ಉಳಿದವರು ನಾವೇ.

ಅದರ ಮೇಲಿದ್ದದ್ದು ಅರಮನೆಯ ಹಿತ್ತಿಲು.

ರಾಜರ ಉದ್ಯಾನವಲ್ಲ, ಹಿತ್ತಿಲು. ಬಾಯಿಯ ಒಂದು ಕಡೆ ಸೀಳು ಬಿಟ್ಟ ಬಾವಿಕಟ್ಟೆ, ಒಗೆಯುವ ಕಲ್ಲು, ಬೋರಲು ಹಾಕಿದ ಪಾತ್ರೆಗಳು, ಅರ್ಧ ತೆರೆದ ಬಾಗಿಲು. ಹಗ್ಗದ ಮಂಚದ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಹಾಕಿತ್ತು. ಕಾಗೆ ಬಾರದಿರಲೆಂದು ಮಂಚದ ಕಾಲಿಗೆ ಒಂದು ಕಪ್ಪು ಬಟ್ಟೆ ಕಟ್ಟಿತ್ತು. ಒಂದು ಬೆಕ್ಕು. ಮನುಷ್ಯರು ಯಾರೂ ಇಲ್ಲ.

"ನೋಡೇ, ರಾಣಿ ಮನೇಲೂ ಸಂಡಿಗೆ ಹಾಕವ್ರೆ" ಎಂದಳು ನನ್ನ ಹಿಂದೆ ಕೂತಿದ್ದವಳು.

"ಅಕ್ಕಿ ಸಂಡಿಗೆ ಕಣೇ ಅದು. ಈಗ ತಾನೇ ಹಾಕಿ ಒಳಗೋಗವ್ಳೆ, ಇನ್ನೂ ಹಸಿ ಐತೆ."

ರಾಜ, ಮಂತ್ರಿ, ಯುದ್ಧ ಎಲ್ಲ ನಡೆಯುತ್ತಲೇ ಇತ್ತು. ನಾವು ಅದನ್ನೂ ನೋಡಿದೆವು, ಹಿತ್ತಿಲನ್ನೂ ನೋಡಿದೆವು. ಮುಖ್ಯ ಅತಿಥಿಗಳು ಅರಮನೆಯನ್ನು ಹೊಗಳಿ ಭಾಷಣ ಮಾಡಿದರು. ಮೇಷ್ಟ್ರಿಗೆ ಜಿಲ್ಲೆಯ ಕೆಲಸ ಗಟ್ಟಿಯಾಯಿತು. ಬಿದಿರು ಬಿಚ್ಚುತ್ತಿದ್ದ ಅವರ ಹತ್ತಿರ ಹೋಗಿ, "ಯಾರ ಹಿತ್ತಿಲು ಮೇಷ್ಟ್ರೇ?" ಎಂದೆ. "ರಾಣಿಯಮ್ಮಂದು" ಎಂದು ಹೇಳಿ, ಒಂದು ಕಣ್ಣು ಮುಚ್ಚಿದರು. ಅವತ್ತು ಮಾತ್ರ ನನ್ನ ಹಿಂದೆ ಗೋಡೆ ಇರಲಿಲ್ಲ.

ಸಂಘದವರು ಪ್ರತಿ ವರ್ಷ ಅದೇ ನಾಟಕ ಆಡುತ್ತಿದ್ದರು, ಊರು ಮಾತ್ರ ಬೇರೆ. ಹೊಸ ಮಾತು ಬಾಯಿಪಾಠ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ, ಹಳೆಯ ಡ್ರೆಸ್ಸು ಎಲ್ಲರಿಗೂ ಸರಿಹೋಗುತ್ತಿತ್ತು. ಹಿತ್ತಿಲು ಮಾತ್ರ ಬದಲಾಗುತ್ತಿತ್ತು. ಮೇಷ್ಟ್ರು ಹಳೆಯದನ್ನು ತೊಳೆದು ಮತ್ತೆ ಬರೆಯುತ್ತಿದ್ದರು. ಒಮ್ಮೆ ಮೊರದಲ್ಲಿ ಅವರೆಕಾಯಿ, ಅರ್ಧ ಸುಲಿದದ್ದು. ಒಮ್ಮೆ ಬೆಕ್ಕಿನ ಪಕ್ಕ ಮರಿಗಳು. ಹಳ್ಳಿಯ ನಾಟಕಗಳಿಗೂ ಅವರು ಆ ಪಟವನ್ನು ಒಯ್ಯುತ್ತಿದ್ದರಿಂದ ಸುದ್ದಿ ಹೆಂಗಸರಿಂದ ಹೆಂಗಸರಿಗೆ ಹರಡಿತು. ಕುಣಿಗಲ್ ಎಕ್ಸ್‌ಚೇಂಜಿನಲ್ಲಿ ನನ್ನ ಗೆಳತಿಯೊಬ್ಬಳು ಆಪರೇಟರ್ ಆಗಿದ್ದಳು. ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಬಿಡುವಾದರೆ, "ರಾಣಿ ಏನು ಮಾಡ್ತಿದಾಳಂತೆ?" ಎಂದು ಕೇಳುತ್ತಿದ್ದಳು. ಗೂಳೂರಿನಲ್ಲಿ ಕಂಡದ್ದನ್ನು ನಾನು ಹೇಳುತ್ತಿದ್ದೆ.

ಮೇಷ್ಟ್ರಿಗೆ ಇಂಥ ಚಾಳಿ ಮೊದಲಿಂದಲೂ ಇತ್ತು. ಹುಲಿಯೂರುದುರ್ಗದ ನಾಟಕಕ್ಕೆ ಹೋದಾಗ ದೂರದ ಯಾವುದೋ ಪುರಾಣದ ರಾಜಧಾನಿಯ ಹಿಂದೆ ಅದೇ ಊರಿನ ದುರ್ಗದ ಬೆಟ್ಟ ಬರೆದಿದ್ದರಂತೆ. ಪರದೆ ಎದ್ದೊಡನೆ ಊರಿನವರು ಬೆಟ್ಟಕ್ಕೆ ಸಿಳ್ಳೆ ಹೊಡೆದು, ರಾಜನ ಪಾರ್ಟಿನವನು ಬಂದು ನಿಂತರೂ ನಿಲ್ಲಿಸಲಿಲ್ಲವಂತೆ. ಅವನು ಬಂದು ಜಗಳವಾಡಿದ. "ನೀನು ನಾಳೆ ಹೋಯ್ತೀಯ ಕಣಪ್ಪ, ಬೆಟ್ಟ ಇಲ್ಲೇ ಇರ್ತೈತೆ" ಎಂದು ಮೇಷ್ಟ್ರು ಹೇಳಿದರಂತೆ. ಪಾರ್ಟಿನವರ ವಿಷಯದಲ್ಲಿ ಅವರಿಗೆ ಅಷ್ಟೇ ಗೌರವ.

ತೊಂದರೆ ಬಂದದ್ದು ಹಿತ್ತಿಲ ತಂತಿಯ ಮೇಲೆ ಮಗುವಿನ ಬಟ್ಟೆಗಳು ಕಾಣಿಸಿಕೊಂಡ ವರ್ಷ. ಲಂಗೋಟಿಗಳು, ಚಿಕ್ಕ ಅಂಗಿ, ಕುಲಾವಿ. ಬಾಣಂತಿಗೆ ನೀರು ಕಾಯಿಸುವ ಹಂಡೆಯ ಕೆಳಗೆ ಸೌದೆ. ನಾಟಕದಲ್ಲಿ ನಮ್ಮವರದು ಸಂತಾನವಿಲ್ಲದ ರಾಜನ ಪಾರ್ಟು. ಸಿಂಹಾಸನದಿಂದ ಇಳಿದು ಬಂದು, ಎದೆ ಮುಟ್ಟಿಕೊಂಡು, ನನ್ನ ವಂಶಕ್ಕೊಂದು ಕುಡಿಯಿಲ್ಲವೇ ಎಂದು ಅವರು ಕೊರಳುಬ್ಬಿಸಿದರೆ, ಅವರ ಬೆನ್ನ ಹಿಂದೆ ಲಂಗೋಟಿಗಳು ಸಾಲಾಗಿ ಒಣಗುತ್ತಿವೆ. ಒಬ್ಬಳು ಕಿಸಕ್ಕೆಂದಳು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡರೂ ಕಣ್ಣಲ್ಲಿ ನೀರು ಬಂತು.

ನಮ್ಮವರಿಗೆ ಬಹಳ ನೋವಾಯಿತು. ಸಮಿತಿಯವರು ಸೀನರಿಯಲ್ಲಿ ಏನೋ ಊನವಿರಬೇಕು, ಅದಕ್ಕೇ ಹೆಂಗಸರು ನಗುತ್ತಾರೆ, ಬೇರೆಯವರನ್ನು ನೋಡೋಣ ಎಂದರು. ನಮ್ಮವರು ಪರೀಕ್ಷೆ ಮಾಡಲು ಗುಬ್ಬಿಗೆ ಹೊರಟರು, ನಾನೂ ಹೋದೆ. ಮೇಷ್ಟ್ರು ಮಂಡಿಯಲ್ಲಿ ಸೀನನ್ನೆಲ್ಲ ನಿಲ್ಲಿಸಿ, ಅವರನ್ನು ನಡುವೆ ಪೆಟ್ಟಿಗೆಯ ಮೇಲೆ ಕೂರಿಸಿದರು. ಹಿತ್ತಿಲೂ ವಿಂಗಿನ ಹಿಂದೆ ತನ್ನ ಜಾಗದಲ್ಲಿತ್ತು. ನಮ್ಮವರು ಕನ್ನಡಕ ಸರಿಮಾಡಿಕೊಂಡು ಅರಮನೆಯ ಕಂಬಗಳನ್ನು ಒಂದೊಂದಾಗಿ ನೋಡಿದರು. ಮೇಷ್ಟ್ರು ನನ್ನನ್ನು ನೋಡುತ್ತಾ ನಿಂತಿದ್ದರು. ಒಂದು ಮಾತು ನನ್ನ ಬಾಯಿಂದ ಬಂದರೆ ಜಿಲ್ಲೆಯ ಕೆಲಸ ಹೋಗುತ್ತದೆ, ಮಂಡಿಯ ಬಾಗಿಲು ಮುಚ್ಚುತ್ತದೆ.

"ಸೀನು ನೆಟ್ಟಗಿದೆ" ಎಂದರು ನಮ್ಮವರು ಕೊನೆಗೆ. "ಹೆಂಗಸರು ಯಾಕೆ ನಕ್ಕರೋ ದೇವರಿಗೇ ಗೊತ್ತು. ನೀನಾದರೂ ಹೇಳೇ."

"ಹೆಂಗಸರು ಹಂಗೇ" ಎಂದೆ. ಮೇಷ್ಟ್ರು ಹೋಗಿ ನಮಗೆ ಕಾಫಿ ತರಿಸಿದರು. ಅವರು ಯಾರಿಗಾದರೂ ಕಾಫಿ ತರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಂಬತ್ತರ ದಶಕದ ನಡುವೆ ಒಂದು ವರ್ಷ ಹಿತ್ತಿಲ ಬಾಗಿಲಿಗೆ ಬೀಗ ಬಿದ್ದಿತ್ತು. ಮಂಚವನ್ನು ಗೋಡೆಗೆ ಒರಗಿಸಿತ್ತು. ಒಗೆಯುವ ಕಲ್ಲು ಒಣಗಿತ್ತು, ತಂತಿ ಖಾಲಿ. ಬೆಕ್ಕು ಬಾಗಿಲ ಮುಂದೆ ಕೂತಿತ್ತು. ನಮ್ಮ ಕಡೆ ಯಾರಿಗೂ ನಾಟಕದ ಮೇಲೆ ಮನಸ್ಸು ನಿಲ್ಲಲಿಲ್ಲ. "ಎಲ್ಲೋದ್ಲೇ ರಾಣಿ?" "ತೌರಿಗೋಗಿರ್ಬೇಕು." "ತೌರಿಗೋದ್ರೆ ಬೆಕ್ಕಿಗ್ ಹಾಲಿಡೋಕೆ ಯಾರಿಗಾದ್ರೂ ಹೇಳಿರ್ತಿದ್ಲು." ಕುಣಿಗಲ್ಲಿನ ಗೆಳತಿ ವಾರವಿಡೀ ಲೈನಿಗೆ ಬಂದು ಏನಾದರೂ ಗೊತ್ತಾಯಿತಾ ಎಂದು ಕೇಳುತ್ತಿದ್ದಳು. ಆ ದಿನಗಳಲ್ಲಿ ಮೇಷ್ಟ್ರು ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಗಡ್ಡ ಬಿಟ್ಟಿದ್ದರು, ಕೈಯಲ್ಲಿ ಫ್ಲಾಸ್ಕು. ಉಗುರಿನಲ್ಲಿ ಬಣ್ಣವಿರಲಿಲ್ಲ. ರಾಣಿ ಎಲ್ಲಿ ಎಂದು ನಾನು ತಮಾಷೆಗೆ ಕೇಳಿದೆ.

"ಊರಲ್ಲಿಲ್ಲ ಅಮ್ಮಾವ್ರೇ" ಎಂದರು. "ಬರ್ತಾಳೆ ಅನ್ಕಂಡಿದೀನಿ."

ಇಷ್ಟು ಹೇಳಿ ಅವಸರವಾಗಿ ಹೊರಟುಹೋದರು. ಹುಲಿಯೂರುದುರ್ಗದಲ್ಲಿ ಒಬ್ಬ ಮುದುಕಿ ರಾಣಿ ಮನೆಗೆ ಬರಲೆಂದು ಹರಕೆ ಹೊತ್ತಳಂತೆ ಎಂದು ಆಮೇಲೆ ಕೇಳಿದೆ.

ಮುಂದಿನ ನಾಟಕದಲ್ಲಿ ಬಾಗಿಲು ತೆರೆದಿತ್ತು. ಮಂಚದ ಮೇಲೆ ಸಂಡಿಗೆ, ಸ್ವಲ್ಪವೇ, ಒಂದು ಮೂಲೆಯಲ್ಲಿ ಮಾತ್ರ. ಹೆಂಗಸರ ಕಡೆಯಿಂದ ಬಿದ್ದ ಚಪ್ಪಾಳೆಗೆ ಕುರ್ಚಿಯವರೆಲ್ಲ ತಿರುಗಿ ನೋಡಿದರು. ಅದೇ ಹೊತ್ತಿಗೆ ಸ್ಟೇಜಿಗೆ ಬಂದ ನಮ್ಮವರು ಆ ಚಪ್ಪಾಳೆಯನ್ನು ತಲೆಬಾಗಿ ಸ್ವೀಕರಿಸಿದರು. ಇವತ್ತಿಗೂ ಮನೆಗೆ ಬಂದವರ ಹತ್ತಿರ ಅದನ್ನು ಹೇಳಿಕೊಳ್ಳುತ್ತಾರೆ. ಇದನ್ನು ಓದಿದ ಮೇಲೆ ಏನಾಗುತ್ತದೋ ನೋಡಬೇಕು.

ಆ ದಶಕ ಮುಗಿಯುವ ಮುಂಚೆ ಮೇಷ್ಟ್ರು ತೀರಿಕೊಂಡರು. ಎದೆನೋವು, ಆಸ್ಪತ್ರೆಗೆ ಸಾಗಿಸುವಷ್ಟೂ ಹೊತ್ತು ಸಿಗಲಿಲ್ಲ. ನನಗೆ ಸ್ವಂತ ಅಣ್ಣನನ್ನು ಕಳೆದುಕೊಂಡ ಹಾಗಾಯಿತು. ತಿಥಿಯ ದಿನ ಸಂಘದವರು ಒಂದು ವ್ಯಾನಿನಲ್ಲಿ ಹೋದರು, ಹೆಂಗಸರೂ ಹೊರಟೆವು. ಕುಣಿಗಲ್ಲಿನಿಂದ ನನ್ನ ಗೆಳತಿ ಬಂದಿದ್ದಳು. ಅವರ ಮನೆಗೆ ನಾವೆಲ್ಲ ಹೋದದ್ದು ಅದೇ ಮೊದಲು. ಚಿಕ್ಕ ಹೆಂಚಿನ ಮನೆ. ಗಂಡಸರು ಮುಂದೆ ಶಾಮಿಯಾನದ ಕೆಳಗೆ ಕುರ್ಚಿಗಳಲ್ಲಿ ಕೂತು, ಮೇಷ್ಟ್ರ ಅರಮನೆ ಎಂಥ ನೆಟ್ಟಗಿನ ಅರಮನೆ ಎಂದು ಮಾತಾಡುತ್ತಿದ್ದರು. ನಾವು ಒಳಗೆ ಹೋದೆವು. ಹೊಲಿಗೆ ಮಿಷನ್ನಿನ ಪಕ್ಕ ಮೇಷ್ಟ್ರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ನಾವು ಯಾರೆಂದು ಅವರಿಗೆ ತಿಳಿಯದು. ಕೈ ತೊಳೆಯಲು ನೀರು ಎಲ್ಲಿದೆ ಎಂದು ಕೇಳಿದ್ದಕ್ಕೆ ಹಿಂದೆ ಕೈ ತೋರಿಸಿದರು.

ಮುಂದೆ ಹೋದ ನನ್ನ ಗೆಳತಿ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಅವಳ ಭುಜದ ಮೇಲಿಂದ ನೋಡಿದೆ. ಸೀಳು ಬಿಟ್ಟ ಬಾವಿಕಟ್ಟೆ. ಒಗೆಯುವ ಕಲ್ಲು. ಹಗ್ಗದ ಮಂಚ, ಅದರ ಕಾಲಿಗೆ ಕಪ್ಪು ಬಟ್ಟೆ. ನಮಗೆ ಎಷ್ಟೋ ವರ್ಷಗಳಿಂದ ಗೊತ್ತಿದ್ದ ಜಾಗ. ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು.

ಮೇಷ್ಟ್ರ ಹೆಂಡತಿ ಎದ್ದು ಬಂದರು. "ಯಾಕ್ರಮ್ಮಾ, ನೀರಿಲ್ವಾ?"

"ನಿಮ್ಮ ಬೆಕ್ಕು ಎಲ್ಲಿ?" ಎಂದು ಕೇಳಿಬಿಟ್ಟಳು ಗೆಳತಿ.

"ಅದು ಹೋದ್ ವರ್ಷ ಸತ್ತೋಯ್ತು. ನಿಮಗೆಂಗೆ ಗೊತ್ತು?"

ನಾನು ಹೇಳಿದೆ. ಬಿಳಿ ಬಟ್ಟೆ ಹೊಲಿದು ಕೊಟ್ಟದ್ದಷ್ಟೇ ಗೊತ್ತಿದ್ದ, ಒಂದು ನಾಟಕಕ್ಕೂ ಹೋಗದಿದ್ದ ಆ ಹೆಂಗಸಿಗೆ ಆ ಬಟ್ಟೆಯ ಮೇಲೆ ಏನಿತ್ತೆಂದು ಮೊದಲಿಂದ ಹೇಳಿದೆ. ಅವರು ಒಗೆಯುವ ಕಲ್ಲಿನ ಮೇಲೆ ಕೂತು ಕೇಳಿದರು. ಮಗುವಿನ ಬಟ್ಟೆಯ ಮಾತು ಬಂದಾಗ, "ಅದು ನಮ್ ಮಗಳ ಬಾಣಂತನ" ಎಂದರು. ಬೀಗ ಬಿದ್ದ ವರ್ಷದ ಮಾತು ಬಂದಾಗ ಬಾಗಿಲ ಕಡೆ ತಿರುಗಿ ನೋಡಿದರು.

"ಆವಾಗ ನಂಗೆ ಆಪರೇಷನ್ ಆಗಿತ್ತು" ಎಂದರು ಆಮೇಲೆ. "ತುಮಕೂರು ದೊಡ್ಡಾಸ್ಪತ್ರೇಲಿ. ಬದುಕೋದು ಕಷ್ಟ ಅಂದಿದ್ರು. ಇವ್ರನ್ನೂ ಮಗಳನ್ನೂ ಬುಟ್ರೆ ಒಬ್ರೂ ನೋಡೋಕ್ ಬಂದಿರ್ಲಿಲ್ಲ."

"ನಾವು ಕೇಳ್ತಾನೇ ಇದ್ವಿ ಅಮ್ಮಾ" ಎಂದಳು ನನ್ನ ಗೆಳತಿ. "ಕುಣಿಗಲ್ಲಿಂದ ದಿನಾ ಕೇಳ್ತಿದ್ದೆ. ದುರ್ಗದಲ್ಲಿ ಒಂದಜ್ಜಿ ಹರಕೆ ಹೊತ್ತಿದ್ರು ನಿಮಗೆ."

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ನಾನಿದ್ನಾ ಅದ್ರಲ್ಲಿ?" ಎಂದು ಕೇಳಿದರು.

"ಕಾಣ್ತಿರ್ಲಿಲ್ಲ" ಎಂದೆ. "ಸಂಡಿಗೆ ಹಾಕಿ ಆಗ ತಾನೇ ಒಳಗೆ ಹೋಗಿರ್ತಿದ್ರಿ. ನಾವೆಲ್ಲ ನಿಮ್ಮನ್ನ ರಾಣಿ ಅಂತಿದ್ವಿ."

"ಅವ್ರೋ?"

"ಅವರು ರಾಣಿಯಮ್ಮ ಅಂತಿದ್ರು."

ಗಂಡ ಸತ್ತ ದಿನದಿಂದ ಆಕೆ ಅತ್ತಿರಲಿಲ್ಲವಂತೆ, ಮಗಳು ಆಮೇಲೆ ಹೇಳಿದಳು. ನಮ್ಮೆದುರಿಗೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಹೊರಗೆ ಗಂಡಸರು ಊಟಕ್ಕೆ ಏಳುತ್ತಿದ್ದ ಸದ್ದು ಕೇಳಿಸುತ್ತಿತ್ತು. ನಾವು ಯಾರೂ ಕದಲಲಿಲ್ಲ, ಬಾವಿಕಟ್ಟೆಯ ಮೇಲೂ ಮಂಚದ ಮೇಲೂ ಆಕೆಯ ಸುತ್ತ ಕೂತೆವು.